ಬಾಯಿ ತೆರೆದವರ ಅಭಿಪ್ರಾಯ

ಮಾರ್ಚ್ 3, ಸೋಮವಾರ. ಊಟದ ಬಿಡುವು

ಬೆಳಗ್ಗೆ ಎರಡು ಫಿಲ್ಲಿಂಗ್, ಒಂದು ರೂಟ್ ಕೆನಾಲ್. ರೂಟ್ ಕೆನಾಲ್ ಬಸ್ ಡ್ರೈವರ್‌ನದು. ಹೆಸರು ಕೂಗಿದರೂ ಒಳಗೆ ಬರಲಿಲ್ಲ. ಹೆದರಿಕೆ ಇರಬೇಕು, ನಾಲ್ಕು ಧೈರ್ಯದ ಮಾತು ಹೇಳೋಣ ಎಂದು ನಾನೇ ಹೊರಗೆ ಹೋದೆ. ಹೆದರಿಕೆಯೂ ಇಲ್ಲ, ಮಣ್ಣೂ ಇಲ್ಲ. ಪುಸ್ತಕ ಓದುತ್ತಿದ್ದ. ತಲೆ ಎತ್ತದೆ ಒಂದು ಬೆರಳು ಮಾತ್ರ ಎತ್ತಿದ, ತಡೀರಿ ಅಂತ. ನನಗೆ! ನನ್ನದೇ ಕ್ಲಿನಿಕ್‌ನಲ್ಲಿ!

"ಆ ಅಜ್ಜಿ ಕೊಡೆಗೆ ಹಿಡಿ ಸಿಗ್ಲಿ ಡಾಕ್ಟ್ರೇ. ಬಂದೇಬಿಟ್ಟೆ."

ಎಲ್ಲ ಅಕ್ಕನ ಕೆಲಸ. ವೇಟಿಂಗ್ ರೂಮಿನ ಹಳೇ ಪತ್ರಿಕೆಗಳು ಚಿಂದಿಯಾಗಿವೆ ಎಂದು ಹೋದ ತಿಂಗಳು ಎಲ್ಲ ರದ್ದಿಗೆ ಹಾಕಿ ಒಂದೇ ಒಂದು ಪುಸ್ತಕ ತಂದಿಟ್ಟಳು. ಯಾವುದೋ ಜಪಾನಿ ಕಾದಂಬರಿಯ ಅನುವಾದ. 'ಕೊಡೆ ರಿಪೇರಿಯ ಮಧ್ಯಾಹ್ನಗಳು.' ಮುಖಪುಟದಲ್ಲಿ ಬೆಕ್ಕು. ಮನೆಗೆ ಒಯ್ಯುವ ಹಾಗಿಲ್ಲ, ಇಲ್ಲೇ ಕೂತು ಓದಬೇಕು — ಅದು ಅಕ್ಕನ ಕಾನೂನು. ಓದಿ ನಿಲ್ಲಿಸಿದ ಜಾಗಕ್ಕೆ ಅವರವರ ಅಪಾಯಿಂಟ್‌ಮೆಂಟ್ ಕಾರ್ಡು ಸಿಕ್ಕಿಸಿ ಹೋಗುತ್ತಾರೆ. ಇವತ್ತು ನೋಡಿದರೆ ಮೈತುಂಬ ಕಾರ್ಡು, ಥೇಟ್ ಮುಳ್ಳುಹಂದಿ.

ಅಕ್ಕನ ಕಾನೂನು ಮೀರುವ ಗಂಡೆದೆ ಯಾರಿಗಿದೆ? ಕ್ಲಿನಿಕ್ ತೆರೆದ ದಿನದಿಂದ ಮುಂದಿನ ಟೇಬಲ್ಲು ಅವಳದು. ರೋಗಿಗಳ ಎದುರು ನನ್ನನ್ನು 'ಡಾಕ್ಟ್ರೇ' ಅನ್ನುತ್ತಾಳೆ. ಬಾಗಿಲು ಹಾಕಿದ ಮೇಲೆ 'ಲೋ'.

ಮಾರ್ಚ್ 5, ಬುಧವಾರ

ಗಣಿತದ ಟೀಚರ್ ಬಂದಿದ್ದರು, ಕ್ಲೀನಿಂಗ್‌ಗೆ. ಹೋದ ತಿಂಗಳಷ್ಟೇ ಮಾಡಿದ್ದೆ. ಬಾಯಿ ತೆರೆಸಿ ನೋಡಿದರೆ ಹಲ್ಲು ಪಳಪಳ.

"ಏನೂ ಇಲ್ವಲ್ಲ ಮೇಡಂ?"

"ಇಲ್ಲ ಅಂತ ನಂಗೂ ಗೊತ್ತು. ನಾಲ್ಕನೇ ಅಧ್ಯಾಯ ಬಾಕಿ ಇತ್ತು."

"ಅಷ್ಟು ಚೆನ್ನಾಗಿದೆಯಾ?"

"ಚೆನ್ನಾಗಾ? ಮೈಯೆಲ್ಲ ಉರಿಯುತ್ತೆ! ಒಂದು ಕೊಡೆ ರಿಪೇರಿಗೆ ಒಂದು ವಾರ. ಬಂದೋರಿಗೆಲ್ಲ ಬಿಟ್ಟಿ ಟೀ. ಬೆಕ್ಕಿಗೆ ದಿನಾ ಮೀನು. ಬಾಡಿಗೆ ಎಲ್ಲಿಂದ ಕಟ್ತಾಳ್ರೀ ಅವಳು? ಮುಂದಿನ ಅಧ್ಯಾಯದಲ್ಲಾದ್ರೂ ಹೇಳ್ತಾರೇನೋ ಅಂತ ಓದ್ತಿದೀನಿ."

ಫೀಸು ಕೊಟ್ಟೇ ಹೋದರು. ಕ್ಲೀನಿಂಗ್‌ಗೆ ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಜನರಿಗೆ ಹಲ್ಲಿನ ಮೇಲೆ ಕಾಳಜಿ ಹುಟ್ಟಿತು ಎಂದು ನಾನು ಬೀಗುತ್ತಿದ್ದೆ.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ

ಅಕ್ಕ ಊಟಕ್ಕೆ ಹೋದಾಗ ನಾನೂ ಪುಸ್ತಕ ಎತ್ತಿಕೊಂಡೆ. ನನಗೆ ಕಾದಂಬರಿ ಎಂದರೆ ಮೊದಲ ಪುಟದಲ್ಲೇ ಒಂದು ಹೆಣ ಬೀಳಬೇಕು. ಇಲ್ಲಿ ಹತ್ತನೇ ಪುಟ — ಮಳೆ. ಇಪ್ಪತ್ತನೇ ಪುಟ — ಮಳೆ ನಿಂತಿತು. ಮೂವತ್ತನೇ ಪುಟದಲ್ಲಿ ಬೆಕ್ಕು ಸೀನಿತು. ಯಾರೋ ವಿಷ ಹಾಕಿರಬಹುದು ಎಂದು ಆಸೆಯಿಂದ ಪುಟ ತಿರುಗಿಸಿದೆ. ನೆಗಡಿ ಅಷ್ಟೇ.

ಕಥೆ ಇಷ್ಟು. ಒಬ್ಬಳು ಬ್ಯಾಂಕಿನಲ್ಲಿ ತಲೆ ನರೆಯುವ ತನಕ ದುಡಿದಿದ್ದಾಳೆ. ಒಂದು ಬೆಳಗ್ಗೆ ಮ್ಯಾನೇಜರ್ ಮುಂದೆ ನಿಂತು 'ನಾಳೆಯಿಂದ ನಾನು ಬರುವುದಿಲ್ಲ' ಎನ್ನುತ್ತಾಳೆ. ಅವನು ಎದ್ದು ನಿಂತು ತಲೆ ಬಾಗಿಸಿ ಬೀಳ್ಕೊಡುತ್ತಾನೆ. (ಯಾವ ಲೋಕದ ಮ್ಯಾನೇಜರ್?) ಅವಳು ಮೆಟ್ಟಿಲ ಕೆಳಗೊಂದು ಗೂಡು ಹಿಡಿದು ಕೊಡೆ ರಿಪೇರಿ ಶುರು ಮಾಡುತ್ತಾಳೆ. ಮುಗಿಯಿತು. ಮಿಕ್ಕಿದ್ದೆಲ್ಲ ಟೀ.

'ನಾಳೆಯಿಂದ ನಾನು ಬರುವುದಿಲ್ಲ' — ಈ ವಾಕ್ಯದ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಾರೆ. ಪಕ್ಕದಲ್ಲಿ ಪುಟ್ಟದೊಂದು ಹೂ.

ಪೆನ್ಸಿಲ್ ಇರುವುದು ಅಕ್ಕನ ಟೇಬಲ್ ಮೇಲೆ.

ಮಾರ್ಚ್ 11, ಮಂಗಳವಾರ

ಎದುರಿಗೆ, ರಸ್ತೆಯ ಆಚೆ, ಕೀಲಿಕೈ ಮಾಡುವವನ ಅಂಗಡಿ ಇತ್ತಲ್ಲ, ಮುಚ್ಚಿ ಬಹಳ ದಿನವಾಯಿತು. ಇವತ್ತು ಅದರ ಶಟರ್ ಅರ್ಧ ಮೇಲಿತ್ತು. ಕಿಟಕಿಯಿಂದ ನೋಡುತ್ತಿದ್ದೇನೆ. ಶಟರ್ ಕೆಳಗೆ ಎರಡು ಚಪ್ಪಲಿ. ಅಕ್ಕನ ಚಪ್ಪಲಿ. ಆಮೇಲೆ ಬಗ್ಗಿ ಹೊರಗೆ ಬಂದಳು. ಕೈಯಲ್ಲಿ ಅಳತೆಯ ಟೇಪು.

"ಎಲ್ಲಿಗೆ ಹೋಗಿದ್ದೆ?"

"ಗಾಳಿಗೆ."

"ಟೇಪ್ ಹಿಡ್ಕೊಂಡಾ?"

"ಗಾಳಿ ಎಷ್ಟುದ್ದ ಇದೆ ನೋಡೋಣ ಅಂತ. ಹೋಗಿ ಡಾಕ್ಟ್ರೇ, ಕುರ್ಚೀಲಿ ಜಡ್ಜ್ ಸಾಹೇಬ್ರು ಬಾಯಿ ಬಿಟ್ಕೊಂಡು ಕಾಯ್ತಿದಾರೆ."

ಈಗ ಎಲ್ಲ ಹೊಂದುತ್ತಿದೆ. ಅಕ್ಕನಿಗೊಂದು ಖಯಾಲಿ ಮೊದಲಿಂದಲೂ ಇದೆ. ರೋಗಿಗಳ ಬ್ಯಾಗಿನ ಜಿಪ್ಪು ಕೆಟ್ಟಿದ್ದರೆ ಅವರು ಒಳಗೆ ಹೋಗಿ ಬರುವಷ್ಟರಲ್ಲಿ ಸರಿಮಾಡಿ ಕೊಡುತ್ತಾಳೆ. ಡ್ರಾಯರ್ ತುಂಬ ಜಿಪ್ಪಿನ ರನ್ನರ್, ಸೂಜಿ, ಇಕ್ಕಳ. ನನ್ನ ಇಕ್ಕಳ. ಇಷ್ಟು ವರ್ಷ ಅದು ಖಯಾಲಿಯಾಗಿತ್ತು. ಆ ಹಾಳು ಜಪಾನಿನವಳು ತಲೆ ಕೆಡಿಸಿದ್ದಾಳೆ. ಬೆಂಕಿಗೆ ತುಪ್ಪ ಸುರಿದದ್ದು ಪುಸ್ತಕವೇ.

ಮಾರ್ಚ್ 12, ಬುಧವಾರ

ಹೆಂಡತಿಗೆ ಹೇಳಿದೆ. ಅವಳು ಪುಸ್ತಕ ಓದಿ ಮುಗಿಸಿದ್ದಾಳಂತೆ! ನನ್ನನ್ನು ಕರೆದೊಯ್ಯಲು ಬರುವ ನೆಪದಲ್ಲಿ ದಿನಾ ಅರ್ಧ ಗಂಟೆ ಮುಂಚೆ ಬಂದು ಕೂರುತ್ತಿದ್ದದ್ದು ಇದಕ್ಕಾಗಿ. ನನ್ನ ಮೇಲಿನ ಪ್ರೀತಿ ಎಂದುಕೊಂಡಿದ್ದೆ.

"ಹೆಂಗಿದೆ?"

"ಭೂತ ಪ್ರೇತದ ಕಥೆಗಿಂತ ನಂಬೋದು ಕಷ್ಟ. ಒಬ್ಳು ಹೆಂಗಸು ಟೀ ಕುಡಿಯೋಕೆ ಕೂರ್ತಾಳೆ. ಅದು ಮುಗಿಯೋವರೆಗೂ ಅವಳನ್ನ ಯಾರೂ ಕರೆಯೋದೇ ಇಲ್ಲ. ನನ್ನ ಟವೆಲ್ ಎಲ್ಲಿ ಅಂತ ಒಬ್ರೂ ಕೇಳಲ್ಲ."

ಮಾತು ಬದಲಿಸಿದೆ. ಅಕ್ಕನ ವಿಷಯ ಎತ್ತಿದೆ.

"ಅಷ್ಟು ತಲೆ ಯಾಕೆ ಕೆಡಿಸ್ಕೋತೀರಿ? ಅತ್ತಿಗೇನೇ ಕೇಳಿ. ಅಂಗಡಿ ಹಾಕ್ತಿದೀಯಾ ಅಂತ."

"ಕೇಳಿ, ಹೂಂ ಅಂದ್ಬಿಟ್ರೆ?"

"ರಸ್ತೆ ದಾಟಿದ್ರೆ ಅಂಗಡಿ. ಜಪಾನಿಗೇನೂ ಹೋಗ್ತಿಲ್ಲ ಅವ್ರು."

ಇವಳಿಗೆ ಅರ್ಥವಾಗುವುದಿಲ್ಲ. ಅಮ್ಮ ಹೋದಾಗ ನಾನು ಹೈಸ್ಕೂಲು. ಅಲ್ಲಿಂದ ನನ್ನನ್ನು ತಿದ್ದಿ ತೀಡಿದವಳು ಅಕ್ಕ. ಮೊದಲ ಹಲ್ಲು ಕಿತ್ತ ದಿನ ನನ್ನ ಕೈ ನಡುಗುತ್ತಿತ್ತು. ಹೊರಗಿನಿಂದ ಅವಳು ಒಂದು ಸಲ ಕೆಮ್ಮಿದಳು, ಕೈ ನಿಂತಿತು. ಈಗಲೂ ಗೋಡೆಯಾಚೆ ಆ ಕೆಮ್ಮು ಕೇಳಿಸದಿದ್ದರೆ ನನಗೆ ಡ್ರಿಲ್ ಹಿಡಿಯಲಾಗುವುದಿಲ್ಲ. ಭಯ. ಬೇರೆ ಹೆಸರು ಇಟ್ಟು ಪ್ರಯೋಜನವಿಲ್ಲ, ಭಯವೇ.

ಮಾರ್ಚ್ 14, ಶುಕ್ರವಾರ

ಉಪಾಯ ಹೊಳೆಯಿತು. ಅಕ್ಕನಿಗೆ ನನ್ನ ಮಾತೆಂದರೆ ಕಾಲ ಕಸ. ನಾಲ್ಕು ಜನರ ಮಾತಿಗೆ ಬೆಲೆ ಇದೆ. ಈ ಪುಸ್ತಕ ಬರೀ ಬೊಗಳೆ ಎಂದು ಓದಿದವರಿಂದಲೇ ಹೇಳಿಸಬೇಕು. ಮೊದಲು ಯಾರು ಯಾರು ನನ್ನ ಕಡೆ ಇದ್ದಾರೆ ಗೊತ್ತಾಗಬೇಕು.

ನಿವೃತ್ತ ಜಡ್ಜ್ ಸಾಹೇಬರಿಂದ ಶುರು. ಹೋದ ವಾರ ವೇಟಿಂಗ್ ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಗುಡುಗುತ್ತಿದ್ದರು. "ಫಿರ್ಯಾದಿ ಇಲ್ಲ, ಆರೋಪಿ ಇಲ್ಲ, ಇದೆಂಥ ಕಥೆ! ಸರ್ವಿಸಲ್ಲಿದ್ದಾಗ ಓದೋಕೆ ಪುರುಸೊತ್ತಿರ್ಲಿಲ್ಲ. ಪುರುಸೊತ್ತು ಸಿಕ್ಕಿದ್ರೆ ಇಂಥ ಪುಸ್ತಕ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ!" ಬಾಯಲ್ಲಿ ಒಂದೂ ಹಲ್ಲಿಲ್ಲದೆ ಈ ಗಾದೆ ಹೇಳಿದ್ದು ಅವರಿಗೆ ಗಮನಕ್ಕೆ ಬರಲಿಲ್ಲ.

ಇವತ್ತು ಹೊಸ ಹಲ್ಲಿನ ಸೆಟ್ಟಿಗೆ ಅಚ್ಚು ತೆಗೆಯುವುದಿತ್ತು. ಬಾಯಿ ತುಂಬ ಪೇಸ್ಟು. ಗಟ್ಟಿಯಾಗುವ ತನಕ ಕಾಯಬೇಕಲ್ಲ, ಆಗ ಕೇಳಿದೆ. "ಆ ಪುಸ್ತಕ ಶುದ್ಧ ಬೊಗಳೆ ಅಲ್ವಾ ಸಾರ್?" ಗೊರಗೊರ ಎಂದರು. ಎರಡೂ ಕೈ ಬೀಸಿದರು. ಕಣ್ಣು ಕೆಂಪಗಾಯಿತು. ಪಾಪ, ಎಷ್ಟು ರೋಸಿಹೋಗಿದ್ದಾರೆ! ಅಚ್ಚು ತೆಗೆದ ಮೇಲೆ ಮತ್ತೂ ಏನೋ ಹೇಳಲು ಬಂದರು. "ಅರ್ಥವಾಯ್ತು ಬಿಡಿ ಸಾರ್" ಎಂದು ಭುಜ ತಟ್ಟಿ ಕಳಿಸಿದೆ.

ಮಾರ್ಚ್ 20, ಗುರುವಾರ

ಡ್ರೈವರ್ ಬಂದ. ಇಂಜೆಕ್ಷನ್ ಕೊಟ್ಟು, ಹತ್ತಿ ಇಟ್ಟು, ರಬ್ಬರ್ ಹಾಳೆ ಬಿಗಿದು ಕೇಳಿದೆ. "ಇಷ್ಟು ನಿಧಾನದ ಪುಸ್ತಕ ಓದಿ ತಲೆ ಚಿಟ್ಟು ಹಿಡಿಯಲ್ವೇನ್ರೀ?" ಅವನ ಕಣ್ಣಿಂದ ನೀರು ಇಳಿಯಿತು. ನೋವಿನದಲ್ಲ, ಅರ್ಧ ಮುಖ ಮರಗಟ್ಟಿದೆ. ಬೇಸರದ ಕಣ್ಣೀರು. ಅವನನ್ನೂ ನನ್ನ ಕಡೆ ಹಾಕಿಕೊಂಡೆ.

ಟೀಚರ್ ಹೇಗೂ ಬಾಡಿಗೆಯ ಸಿಟ್ಟಿನಲ್ಲಿದ್ದಾರೆ. ಈ ವಾರ ಕೇಳಿದವರಲ್ಲಿ ಒಬ್ಬರೂ ಎದುರಾಡಿಲ್ಲ.

ಭಾನುವಾರ ವೇಟಿಂಗ್ ರೂಮಿನಲ್ಲಿ ಓದುಗರ ಸಭೆ. ಅಕ್ಕನಿಗೆ ಹೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಂಗ್ಯಾಕೆ ಬಂತೋ ಸಾಹಿತ್ಯ? ಕುರ್ಚಿ ಒರೆಸೋರು ಯಾರು?"

"ನಾನೇ."

"ಹಾಗಾದ್ರೆ ಸರಿ."

ಹೆಂಡತಿ ಹೇಳಿದ್ದು ಒಂದೇ ಮಾತು. "ಗಾಳಿಗೆ ಗುದ್ದಿ ಮೈ ನೋಯಿಸ್ಕೋತಿದೀರಿ." ಹೆಂಗಸರಿಗೆ ರಾಜಕೀಯ ತಿಳಿಯುವುದಿಲ್ಲ.

ಮಾರ್ಚ್ 23, ಭಾನುವಾರ. ಸಂಜೆ

ಮುಗಿಯಿತು. ಸಭೆಯೂ, ನನ್ನ ಮಾನವೂ.

ಕ್ರಮವಾಗಿ ಬರೆಯುತ್ತೇನೆ. ಜಡ್ಜ್, ಡ್ರೈವರ್, ಟೀಚರ್, ನನ್ನ ಹೆಂಡತಿ. ಅಕ್ಕ ತನ್ನ ಟೇಬಲ್ ಹಿಂದೆ, ಮಡಿಲಲ್ಲಿ ಯಾರದೋ ಟ್ರಾವೆಲ್ ಬ್ಯಾಗು, ಹಲ್ಲಿನ ನಡುವೆ ದಾರ. ಎದ್ದು ನಿಂತೆ. ಗಂಟಲು ಸರಿ ಮಾಡಿಕೊಂಡೆ. ಇಂಥ ಪುಸ್ತಕ ನಂಬಿಕೊಂಡು ಇದ್ದ ಕೆಲಸ ಬಿಟ್ಟವರು ಬೀದಿಪಾಲಾಗುತ್ತಾರೆ ಎಂಬುದು ನಮ್ಮೆಲ್ಲರ ಒಮ್ಮತದ ಅಭಿಪ್ರಾಯ ಎಂದೆ. "ಜಡ್ಜ್ ಸಾಹೇಬ್ರು ಅವತ್ತೇ ನಂಗೆ ಹೇಳಿದ್ರು."

"ನಾನಾ? ಯಾವಾಗ?"

"ಅಚ್ಚು ತೆಗೆಯೋವಾಗ ಸಾರ್. ಬೊಗಳೆ ಅಲ್ವಾ ಅಂದೆ. ಹೌದು ಹೌದು ಅಂತ ಕೈ ಬೀಸಿದ್ರಿ."

"ಅಲ್ಲ ಅಲ್ಲ ಅಂತ ಬೀಸಿದೆ ಕಣ್ರೀ! ಬಾಯಿಗೆ ಗಾರೆ ಮೆತ್ತಿ ಸಾಕ್ಷಿ ಹೇಳು ಅಂದ್ರೆ ಏನು ಹೇಳ್ಲಿ? ಆಮೇಲೆ ಹೇಳೋಕೆ ಬಂದ್ರೆ ಭುಜ ತಟ್ಟಿದ್ರಿ. ನನ್ನ ಸರ್ವಿಸಲ್ಲಿ ಇಂಥ ಹೇಳಿಕೆ ಯಾವ ಪೊಲೀಸೂ ತಂದಿರ್ಲಿಲ್ಲ."

ಡ್ರೈವರ್ ಕಿಸಕ್ ಅಂದ. ಜಡ್ಜ್ ಸಾಹೇಬರು ನಿಲ್ಲಿಸಲಿಲ್ಲ.

"ಮೊದಲು ಬೈದೆ, ಒಪ್ಕೋತೀನಿ. ಆಯುಷ್ಯವೆಲ್ಲ ಬರೀ ಜಗಳ ಓದಿದವನು ನಾನು. ಅಣ್ಣ ತಮ್ಮ ಗೋಡೆಗೆ, ಗಂಡ ಹೆಂಡ್ತಿ ಪಾತ್ರೆಗೆ. ಇದ್ರಲ್ಲಿ ಒಬ್ಬ ಯಾರದೋ ಕೊಡೆ ಎತ್ಕೊಂಡು ಹೋಗ್ತಾನೆ. ಸರಿ, ಸಿಕ್ಕಿಬಿದ್ದ ಅಂತ ನಾನು ನೆಟ್ಟಗೆ ಕೂತೆ. ಮಾರನೇ ದಿನ ಅವನೇ ತಂದು ಕೊಡ್ತಾನೆ, ತಪ್ಪಾಯ್ತು ಅಂತಾನೆ. ಅವಳು ಟೀ ಕೊಡ್ತಾಳೆ. ಅಷ್ಟೇ ರೀ! ಕೇಸ್ ಖಲಾಸ್! ಆ ಪುಟಾನ ಮತ್ತೆ ಮತ್ತೆ ಓದ್ದೆ."

ಡ್ರೈವರ್ ಕಡೆ ತಿರುಗಿದೆ. ನೀವು ಬೇಸರದಿಂದ ಅತ್ತಿರಲ್ಲ ಎಂದೆ.

"ಬೇಸರಕ್ಕೆ ಅಲ್ಲ ಡಾಕ್ಟ್ರೇ. ನೀವು ಪುಸ್ತಕದ ಸುದ್ದಿ ಎತ್ತಿದ್ರಿ, ನಂಗೆ ಆ ರಸ್ತೆ ನೆನಪಾಯ್ತು. ಇಡೀ ಪುಸ್ತಕದಲ್ಲಿ ಒಂದೇ ಒಂದ್ಸಲ ಹಾರ್ನ್ ಕೇಳ್ಸುತ್ತೆ. ಅದೂ ಬೆಕ್ಕು ಅಡ್ಡ ಬಂತು ಅಂತ, ಮೆತ್ತಗೆ. ಅಂಥ ರಸ್ತೇಲಿ ಒಂದಿನ ಬಸ್ ಓಡಿಸ್ಬೇಕು ನಾನು. ಒಂದೇ ದಿನ."

ಉಳಿದದ್ದು ಟೀಚರ್. ನನ್ನ ಕೊನೆಯ ಕೋಟೆ. "ಮೇಡಂ, ನೀವು ಹೇಳಿ. ಬಾಡಿಗೆ ವಿಚಾರ ಹೇಳಿ."

ಟೀಚರ್ ಎದ್ದರು. ಆಹಾ! ಆ ಜಪಾನಿನವಳ ಜನ್ಮ ಜಾಲಾಡಿದರು. ಅವಳ ಟೀ, ಅವಳ ಮೀನು, ಅವಳ ಸೋಮಾರಿತನ. ಕೊನೆಯ ಪುಟದವರೆಗೂ ಬಾಡಿಗೆಯ ಸುದ್ದಿಯೇ ಇಲ್ಲವಂತೆ. ಓದಿ ಮುಗಿಸಿದ ದಿನ ನಿದ್ದೆ ಬರಲಿಲ್ಲವಂತೆ. ನಾನು ಅಕ್ಕನ ಕಡೆ ನೋಡಿದೆ, ಕೇಳಿಸ್ಕೋ ಎನ್ನುವ ಹಾಗೆ.

"ಆ ಅಂಗಡಿ ಆರು ತಿಂಗಳು ನಡೆಯಲ್ಲ. ಅದಕ್ಕೇ ನಿಮ್ಮ ಅಕ್ಕಂಗೆ ನಾನು ಬೇರೆ ಥರಾನೇ ಲೆಕ್ಕ ಹಾಕಿ ಕೊಟ್ಟಿದೀನಿ. ಟೀ ಇಲ್ಲ. ಬೆಕ್ಕು ಇಲ್ಲ. ಜಿಪ್ಪು ಆದ್ರೆ ನಿಂತ ನಿಲುವಲ್ಲೇ, ಬ್ಯಾಗಾದ್ರೆ ಸಂಜೆಗೆ. ಅಡ್ವಾನ್ಸ್ ಮೊದಲು. ಚೆನ್ನಾಗಿ ನಡೆಯುತ್ತೆ, ನೋಡ್ತಿರಿ."

ನನ್ನ ಹೆಂಡತಿ ಸೀಲಿಂಗ್ ಫ್ಯಾನ್ ನೋಡತೊಡಗಿದಳು. ಅವಳಿಗೂ ಗೊತ್ತಿತ್ತು! ಎಲ್ಲರಿಗೂ ಗೊತ್ತಿತ್ತು!

"ನೋಡಿದ್ಯಾ ಅಕ್ಕ," ಅವಳ ಟೇಬಲ್ ಕಡೆ ತಿರುಗಿದೆ, "ಒಂದು ಕಟ್ಟುಕಥೆ ಓದ್ಕೊಂಡು ಯಾರಾದ್ರೂ ಇಂಥಾ—"

"ಲೋ."

ಎಲ್ಲರ ಎದುರು. ಮೊದಲ ಸಲ.

"ನಾನು ಆ ಪುಸ್ತಕ ಓದೇ ಇಲ್ಲ ಕಣೋ."

"ಓದಿಲ್ವಾ?"

"ಶುರು ಮಾಡ್ದೆ. ಮಳೆ ನಿಲ್ಲೋದ್ರೊಳಗೆ ನಿದ್ದೆ ಬಂತು. ಜನ ಗಲಾಟೆ ಮಾಡ್ದೆ ಕೂರ್ಲಿ ಅಂತ ತಂದಿಟ್ಟೆ. ಕೂತ್ರಲ್ಲ."

"ಮತ್ತೆ ಪೆನ್ಸಿಲ್ ಗೆರೆ? ಹೂವು?"

ಜಡ್ಜ್ ಸಾಹೇಬರು ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡರು. "ಅದು... ಆಕ್ಷೇಪಣೆಗೆ ಅಂತ ಗುರುತು ಹಾಕಿದ್ದೆ."

"ಆಕ್ಷೇಪಣೆಗೆ ಯಾರಾದ್ರೂ ಹೂ ಬರೀತಾರಾ ಸಾರ್?" ಎಂದರು ಟೀಚರ್.

ಎಲ್ಲರೂ ಹೋದ ಮೇಲೆ ಕುರ್ಚಿ ಜೋಡಿಸುತ್ತಿದ್ದೆ. ಅಕ್ಕ ದಾರ ಕತ್ತರಿಸಿ ಬ್ಯಾಗು ಕೆಳಗಿಟ್ಟಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

"ಅಂಗಡಿ ಯೋಚನೆ ಬಂದು ಎರಡು ವರ್ಷ ಆಯ್ತು. ನೀನಾಗಿ ಒಂದಿನ ಕೇಳ್ತೀಯ ಅಂತ ಕಾದೆ. ಕಂಡೋರ ಅಭಿಪ್ರಾಯ ಎಲ್ಲ ಕೇಳ್ದೆ ನೀನು. ಬಾಯಿ ಮರಗಟ್ಟಿದೋರನ್ನೂ ಬಿಡ್ಲಿಲ್ಲ. ಎದುರಿಗೇ ಕೂತಿದ್ದೆ, ನನ್ನೊಬ್ಳನ್ನ ಬಿಟ್ಟು."

"ಇಲ್ಲಿ ನಿಂಗೇನು ಕಮ್ಮಿಯಾಗಿದೆ?"

"ಕಮ್ಮಿ ಅಂತ ಯಾರಂದ್ರು? ಇಲ್ಲಿಗೆ ಬರೋರೆಲ್ಲ ಮುಖ ಸಿಂಡರಿಸ್ಕೊಂಡೇ ಬರ್ತಾರೆ. ಬ್ಯಾಗು ಕೈಗಿಟ್ಟಾಗ ಮಾತ್ರ ನಗ್ತಾರೆ. ಆ ನಗು ನೋಡ್ಕೊಂಡು ಇರೋಣ ಅನ್ಸಿದೆ, ಅಷ್ಟೇ ಕಣೋ."

ಏನಾದರೂ ಹೇಳಬೇಕಿತ್ತು. ಆ ಮ್ಯಾನೇಜರ್‌ನ ಹಾಗೆ ತಲೆಯನ್ನಾದರೂ ಬಾಗಿಸಬೇಕಿತ್ತು. ಕುರ್ಚಿ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಮಾರ್ಚ್ 24, ಸೋಮವಾರ

ಅಕ್ಕ ಬಂದಳು. ಹದಿನೈದು ದಿನ ಇರುತ್ತೇನೆ, ಯಾರನ್ನಾದರೂ ಹುಡುಕಿಕೋ ಎಂದಳು. ಸರಿ ಎಂದೆ.

ಏಪ್ರಿಲ್ 14, ಸೋಮವಾರ

ಎದುರಿನ ಅಂಗಡಿ ಶುರುವಾಯಿತು. ಹೆಂಡತಿ ಹೋಗಿಬಂದಳು. ನನಗೆ ಕೆಲಸವಿತ್ತು.

ಕೆಲಸ ಇರಲಿಲ್ಲ. ಕಿಟಕಿ ಹತ್ತಿರ ನಿಂತಿದ್ದೆ.

"ಏನಂದ್ಲು?"

"ಏನೂ ಅನ್ಲಿಲ್ಲ. ಗಿರಾಕಿ ಇದ್ರು."

ಏಪ್ರಿಲ್ 19, ಶನಿವಾರ

ಮುಂದಿನ ಟೇಬಲ್ಲಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಬಂದವರು ಮೂವರು. ಒಬ್ಬರಿಗೆ ರಕ್ತ ಕಂಡರೆ ಆಗುವುದಿಲ್ಲ, ಒಬ್ಬರಿಗೆ ಫೋನ್ ಎಂದರೆ ಆಗುವುದಿಲ್ಲ, ಮೂರನೆಯವರಿಗೆ ನನ್ನನ್ನು ಕಂಡರೆ ಆಗಲಿಲ್ಲ. ಫೋನ್ ನಾನೇ ಎತ್ತುತ್ತಿದ್ದೇನೆ, ಗ್ಲೌಸ್ ಹಾಕಿದ ಕೈಯಲ್ಲಿ. ಇವತ್ತು ಒಂದೇ ಹೊತ್ತಿಗೆ ಜಡ್ಜ್, ಡ್ರೈವರ್ ಇಬ್ಬರಿಗೂ ಬರಹೇಳಿದ್ದೆ. ಜಗಳವಾಗುತ್ತದೆ ಎಂದುಕೊಂಡು ಬಾಗಿಲಿಂದ ಇಣುಕಿದೆ. ಇಬ್ಬರೂ ಅಕ್ಕಪಕ್ಕ ಕೂತು ಓದುತ್ತಿದ್ದರು. ಜಡ್ಜ್ ಸಾಹೇಬರು ಇನ್ನೊಂದು ಪುಸ್ತಕ ತಂದಿದ್ದಾರೆ, ತಮ್ಮದೇ ದುಡ್ಡಿನಲ್ಲಿ. ಅದೂ ಜಪಾನಿ. ಈ ಸಲ ಇಸ್ತ್ರಿ ಅಂಗಡಿ. ಅದರಲ್ಲೂ ಬೆಕ್ಕು.

ಮಧ್ಯಾಹ್ನ ಡ್ರಿಲ್ ಹಿಡಿದು ಸುಮ್ಮನೆ ನಿಂತುಬಿಟ್ಟೆ. ಕುರ್ಚಿಯಲ್ಲಿದ್ದವರು "ಏನಾಯ್ತು ಡಾಕ್ಟ್ರೇ?" ಎಂದರು. ಹೊರಗೆ ನಿಶ್ಶಬ್ದ, ಅಷ್ಟೇ.

ಮೇ 2, ಶುಕ್ರವಾರ. ಊಟದ ಬಿಡುವು

ಅಕ್ಕನ ಅಂಗಡಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮುಖ ಎಲ್ಲಿಡಬೇಕೋ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊಸಿಲು ದಾಟಿದಾಗ ಅವಳು ತಲೆ ಎತ್ತಲಿಲ್ಲ. "ಕೂತ್ಕೊಳ್ಳಿ, ಸರದಿ ಬಂದಾಗ ಕರೀತೀನಿ" ಎಂದಳು. ಆಮೇಲೆ ನೋಡಿದಳು. ನಾನು. ಸೂಜಿ ಒಂದು ಗಳಿಗೆ ನಿಂತಿತು.

"ನಿಂಗೂ ಅಷ್ಟೇ" ಎಂದಳು.

ಕೂತೆ. ನನ್ನ ಮುಂದೆ ಇಬ್ಬರು. ಒಂದು ಸೂಟ್‌ಕೇಸು, ಒಂದು ಲೇಡೀಸ್ ಬ್ಯಾಗು. ಚಿಕ್ಕ ಜಾಗ. ಗೋಡೆಗೆ ಬಣ್ಣ ಬಣ್ಣದ ಜಿಪ್ಪುಗಳನ್ನು ಉದ್ದಕ್ಕೆ ಇಳಿಬಿಟ್ಟಿದ್ದಾಳೆ. ಕನ್ನಡಕ ಮೂಗಿನ ತುದಿಗೆ. ಬಂದವರನ್ನು ಕೇಳುವುದು ನೋಡಬೇಕು — "ಯಾವಾಗಿಂದ ಹೀಗಿದೆ? ಎಳೆದಾಗ ಮಾತ್ರಾನಾ, ಸುಮ್ನಿದ್ದಾಗ್ಲೂನಾ?" ನನ್ನ ಪ್ರಶ್ನೆಗಳೇ. ಸೂಟ್‌ಕೇಸಿನವರು ಏನೋ ಹೇಳಿದರು, ಅಕ್ಕ ನಕ್ಕಳು. ಬಾಯಿ ತುಂಬ. ಇವಳು ಹೀಗೆ ನಗುತ್ತಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ನಡುವೆ ಒಂದು ಗೋಡೆ ಇಟ್ಟುಕೊಂಡು ಕೆಲಸ ಮಾಡಿದ್ದೇವೆ. ಹೊಟ್ಟೆಕಿಚ್ಚಾಯಿತು. ಸಂತೋಷವೂ ಆಯಿತು. ಎರಡರಲ್ಲಿ ಯಾವುದು ಜಾಸ್ತಿ, ಹೇಳಲಾರೆ.

ಸೂಟ್‌ಕೇಸ್ ಹೋಯಿತು. ಇನ್ನೊಬ್ಬರು.

ನನ್ನ ಕೈಯಲ್ಲಿ ಬ್ಯಾಗಿಲ್ಲ. ಹರಿದದ್ದು, ಕಿತ್ತದ್ದು ಏನೂ ತಂದಿಲ್ಲ. ಮನೆಯಿಂದ ಯಾವುದಾದರೂ ಹಳೇ ಚೀಲ ತಂದು ನೆಪ ಮಾಡೋಣ ಎಂದುಕೊಂಡಿದ್ದೆ. ಬೇಡ ಅನ್ನಿಸಿತು. ಬಂದದ್ದು ಒಂದು ಮಾತು ಕೇಳಲು. ಹೇಗಿದ್ದೀಯ, ನಿನಗೆ ಏನು ಬೇಕು. ಅಷ್ಟೇ. ಹೋಟೆಲಿನ ಮಾಣಿ ದಿನಾ ಕೇಳುವ ಮಾತು. ನಾನು ಕೇಳಿದ ನೆನಪಿಲ್ಲ.

ಬ್ಯಾಗು ಆಯಿತು. ಅವರು ದುಡ್ಡು ಕೊಡುತ್ತಿದ್ದಾರೆ. ಬಾಗಿಲಲ್ಲಿ ಮತ್ತಿಬ್ಬರು ಬಂದು ನಿಂತರು, ಒಬ್ಬರು ನನ್ನದೇ ರೋಗಿ. ನೋಡಲಿ.

"ಮುಂದಿನೋರು ಬನ್ನಿ. ಏನಾಗಿದೆ?" ಎನ್ನುತ್ತಿದ್ದಾಳೆ. ಎದ್ದು ನಿಂತೇ ಬರೆಯುತ್ತಿದ್ದೇನೆ. ಎಲ್ಲರ ಎದುರೇ ಕೇಳಿಬಿಡುತ್ತೇನೆ. ಅಕ್ಕ, ನೀನು ಹೇ—